ಕೆಂಪು ದೀಪದ ಕಾಲ, ಹಳದಿ ದೀಪದ ಕಾಲ

ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ವಿಲ್ಲಿಸ್ ಜೀಪುಗಳು ಮಲೆನಾಡಿನ ತೋಟಗಳನ್ನು ಸೇರಿದವು. ಅವುಗಳ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪಗಳಿರಲಿಲ್ಲ, ದುಂಡನೆಯ ಮೀಟರುಗಳಿದ್ದವು. ಆಯಿಲ್ ಪ್ರೆಷರ್‌ಗೆ ಒಂದು, ನೀರಿನ ಬಿಸಿಗೆ ಒಂದು, ಪೆಟ್ರೋಲಿಗೆ ಒಂದು, ಬ್ಯಾಟರಿಗೆ ಕರೆಂಟು ಹೋಗುತ್ತಿದೆಯೋ ಬ್ಯಾಟರಿಯಿಂದಲೇ ಖರ್ಚಾಗುತ್ತಿದೆಯೋ ಎಂದು ತೋರಿಸುವ ಆಂಪಿಯರ್ ಮೀಟರ್ ಒಂದು. 1970ರ ದಶಕದಲ್ಲಿ ನಾನು ಶಿವಮೊಗ್ಗದ ಆಟೋ ಎಲೆಕ್ಟ್ರಿಕಲ್ ಅಂಗಡಿಯೊಂದಕ್ಕೆ ಹುಡುಗನಾಗಿ ಸೇರಿದಾಗ ಅಂಥ ಜೀಪುಗಳು ತೀರ್ಥಹಳ್ಳಿ, ಕೊಪ್ಪದ ಕಡೆಯಿಂದ ಇನ್ನೂ ಬರುತ್ತಿದ್ದವು. 6 ವೋಲ್ಟಿನ ಬ್ಯಾಟರಿ, ಮೈತುಂಬ ಕೆಸರು, ಹಿಂದೆ ಅಡಿಕೆ ಮೂಟೆ. ಓಡಿಸುವವರಿಗೆ ಓದು ಬರುತ್ತಿತ್ತೋ ಇಲ್ಲವೋ, ಆ ನಾಲ್ಕು ಮುಳ್ಳು ಮಾತ್ರ ಚೆನ್ನಾಗಿ ಓದುತ್ತಿದ್ದರು. 'ಘಾಟಿ ಹತ್ತುವಾಗ ಆಯಿಲ್ ಮುಳ್ಳು ಅರ್ಧಕ್ಕೆ ಬರ್ತದೆ, ಮೊದಲು ಹಾಗೆ ಬರ್ತಿರಲಿಲ್ಲ' ಎಂದು ತಾವೇ ಹೇಳಿಬಿಡುತ್ತಿದ್ದರು. ಅಷ್ಟು ಕೇಳಿದರೆ ಪಕ್ಕದ ಎಂಜಿನ್ ಮೇಸ್ತ್ರಿಗೆ ಅರ್ಧ ಕೆಲಸ ಮುಗಿದಂತೆ.

ನಮ್ಮ ಅಂಗಡಿಯಲ್ಲಿ ಎಂಜಿನ್ ಬಿಚ್ಚುವ ಕೆಲಸವಿರಲಿಲ್ಲ. ಡೈನಮೋ, ಸೆಲ್ಫ್, ಕಟೌಟ್, ಹಾರ್ನು, ವೈರಿಂಗ್, ರಾತ್ರಿಯಿಡೀ ಬ್ಯಾಟರಿ ಚಾರ್ಜಿಂಗ್ ಅಷ್ಟೇ. ಹಾಗಾಗಿ ಡ್ಯಾಶ್‌ಬೋರ್ಡಿನ ದೀಪಗಳ ಇತಿಹಾಸ ನನಗೆ ಗೊತ್ತಿರುವುದು ಅದರ ಹಿಂಭಾಗದಿಂದ, ತಲೆಕೆಳಗಾಗಿ ಮಲಗಿ, ಟೆಸ್ಟ್ ಲ್ಯಾಂಪನ್ನು ಹಲ್ಲಲ್ಲಿ ಕಚ್ಚಿಕೊಂಡು ನೋಡಿದ ಕಡೆಯಿಂದ.

ಮೀಟರಿನ ಬದಲು ದೀಪ ಇಡುವ ಉಪಾಯ ಅಮೆರಿಕದ್ದು. 1930ರ ದಶಕದಲ್ಲಿ ಹಡ್ಸನ್ ಕಂಪನಿ ತನ್ನ ಕಾರುಗಳಲ್ಲಿ ಆಯಿಲ್ ಪ್ರೆಷರಿಗೂ ಡೈನಮೋಗೂ ಕೆಂಪು ದೀಪ ಇಟ್ಟಿತು. ಮೀಟರಿಗಿಂತ ಬಲ್ಬು ಅಗ್ಗ, ಜೊತೆಗೆ ಮುಳ್ಳನ್ನು ಓದಲು ಬಾರದವರ ಕಣ್ಣಿಗೂ ಕೆಂಪು ಬಣ್ಣ ಬೀಳುತ್ತದೆ. ಅಲ್ಲಿನ ಮೆಕ್ಯಾನಿಕ್‌ಗಳು ಅದನ್ನು ದಡ್ಡರ ದೀಪ ಎಂದು ಹಂಗಿಸಿದರು. ನಮ್ಮ ಉಸ್ತಾದರಿಗೆ ಅಮೆರಿಕದ ಸುದ್ದಿ ಗೊತ್ತಿರಲಿಲ್ಲ, ಆದರೂ ಅದೇ ಸಿಟ್ಟು. 'ಮುಳ್ಳು ಮಾತಾಡ್ತದೆ ಕಣೋ, ಲೈಟು ಬರೀ ಕಿರುಚ್ತದೆ' ಎನ್ನುತ್ತಿದ್ದರು. ಮಾತು ಸರಿಯೇ. ಆಯಿಲ್ ಲೈಟಿನ ಸ್ವಿಚ್ಚು ಒತ್ತಡ ತೀರಾ ನೆಲಕಚ್ಚಿದಾಗ ಮಾತ್ರ ಬೆಸೆದುಕೊಳ್ಳುತ್ತದೆ. ಬೇರಿಂಗು ಎಷ್ಟೋ ವರ್ಷದಿಂದ ಸವೆಯುತ್ತಾ ಬಂದಿದ್ದರೂ ಅಲ್ಲಿಯವರೆಗೆ ದೀಪ ತುಟಿ ಬಿಚ್ಚುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊತ್ತಿಗೆ ಊರಲ್ಲಿ ಎರಡೇ ಜಾತಿಯ ಕಾರು. ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್, ಬೊಂಬಾಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್. ಫಿಯೆಟ್ಟಿಗೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. ಆದರೂ ನಮ್ಮ ಬಾಯಲ್ಲಿ ಅದು ಕೊನೆವರೆಗೂ ಫಿಯೆಟ್ಟೇ. ಈ ಕಾರುಗಳ ಡೈನಮೋ ದೀಪ ನನ್ನ ಮೊದಲ ಪಾಠ. ಬಲ್ಬಿನ ಒಂದು ಕಾಲಿಗೆ ಇಗ್ನಿಷನ್ ಸ್ವಿಚ್ಚಿನಿಂದ ಬ್ಯಾಟರಿ ಕರೆಂಟು, ಇನ್ನೊಂದು ಕಾಲು ಡೈನಮೋಗೆ. ಡೈನಮೋ ತಿರುಗದಿದ್ದಾಗ ಕರೆಂಟು ಬಲ್ಬಿನ ಮೂಲಕ ಅತ್ತ ಹರಿದು ದೀಪ ಉರಿಯುತ್ತದೆ. ಡೈನಮೋ ತಾನೇ ಕರೆಂಟು ಕೊಡಲು ಶುರುಮಾಡಿದಾಗ ಎರಡೂ ಕಾಲಿಗೆ ಒಂದೇ ವೋಲ್ಟೇಜ್, ಹರಿಯುವುದಕ್ಕೆ ಏನೂ ಇಲ್ಲ, ದೀಪ ಆರುತ್ತದೆ. ಐಡಲಿಂಗಿನಲ್ಲಿ ಮಂಕಾಗಿ ಮಿಣುಕಿದರೆ ಕಾರ್ಬನ್ ಬ್ರಷ್ ಸವೆದಿದೆ, ಇಲ್ಲವೇ ಬೆಲ್ಟು ಸಡಿಲವಾಗಿದೆ, ಇಲ್ಲವೇ ಡೈನಮೋವನ್ನು ಬ್ಯಾಟರಿಗೆ ಕೂಡಿಸುವ ಕಟೌಟಿನ ಪಾಯಿಂಟು ಕರಕಲಾಗಿದೆ. ಇಡೀ ಸರ್ಕ್ಯೂಟಿಗೆ ಒಂದು ಬಲ್ಬು, ಎರಡು ವೈರು. ಇಷ್ಟು ಸೊಗಸಾದ ಬುದ್ಧಿ ಈಗಿನ ಕಾರಿನ ಕಂಪ್ಯೂಟರಿನಲ್ಲೂ ನನಗೆ ಕಂಡಿಲ್ಲ.

ಚಾರ್ಜಿಂಗ್ ಲೈಟು ಹತ್ತಿ, ಅದರ ಹಿಂದೆಯೇ ಎಂಜಿನ್ನೂ ಕಾದರೆ ನೇರ ಬೆಲ್ಟಿಗೆ ಕೈ ಹಾಕುವುದು. ಒಂದೇ ಬೆಲ್ಟು ಡೈನಮೋವನ್ನೂ ನೀರಿನ ಪಂಪನ್ನೂ ಫ್ಯಾನನ್ನೂ ತಿರುಗಿಸುತ್ತಿತ್ತು. ಹೊರಗೂರಿಗೆ ಹೋಗುವ ಟ್ಯಾಕ್ಸಿಯವರು ಡಿಕ್ಕಿಯಲ್ಲಿ ಒಂದು ಬೆಲ್ಟು, ಒಂದು ಕಂಡೆನ್ಸರು, ಒಂದು ಜೊತೆ ಪಾಯಿಂಟು ಇಟ್ಟುಕೊಂಡೇ ಹೊರಡುತ್ತಿದ್ದರು. ಆಗುಂಬೆ ಘಾಟಿಯಲ್ಲಿ ಬೇಸಿಗೆಯ ಮಧ್ಯಾಹ್ನ ಗಾಡಿ ಮುಕ್ಕರಿಸಿ ನಿಂತರೆ ಅದಕ್ಕೆ ಯಾವ ದೀಪವೂ ಹತ್ತುತ್ತಿರಲಿಲ್ಲ. ಪಂಪಿನಲ್ಲಿ ಪೆಟ್ರೋಲು ಬಿಸಿಗೆ ಆವಿಯಾಗಿ ಕಾರ್ಬುರೇಟರಿಗೆ ಹರಿಯುತ್ತಿಲ್ಲ ಎಂದು ಕ್ಲೀನರ್ ಹುಡುಗನಿಗೂ ಗೊತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಒಂದು ಬೀಡಿ ಸೇದುವಷ್ಟು ಹೊತ್ತು ಕಾಯುತ್ತಿದ್ದರು. ಅದೇ ಘಾಟಿಯಲ್ಲಿ ಜುಲೈ ತಿಂಗಳಲ್ಲಿ ನಿಂತರೆ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ. ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿದರೆ ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟು. ಇದೆಲ್ಲ ಗ್ಯಾರೇಜಿಗೆ ಬರದೇ ಮುಗಿದುಹೋಗುತ್ತಿದ್ದ ರಿಪೇರಿ.

ಕೆಂಪು ದೀಪಕ್ಕೆ ಜನ ಹೆದರುತ್ತಿದ್ದರು ಎಂಬುದನ್ನು ಮಾತ್ರ ಇಲ್ಲಿ ಗಟ್ಟಿಯಾಗಿ ಹೇಳಬೇಕು. ಆಯಿಲ್ ಲೈಟು ಹತ್ತಿದ ಮೇಲೂ ಓಡಿಸಿದರೆ ಎಂಜಿನ್ ಸೀಜ್ ಆಗುತ್ತದೆ, ಕ್ರ್ಯಾಂಕು ಹೋಗುತ್ತದೆ, ತಿಂಗಳ ದುಡಿಮೆ ಹೋಗುತ್ತದೆ. ಮಧ್ಯೆ ದಾರಿಯಲ್ಲಿ ಗಾಡಿ ನಿಲ್ಲಿಸಿ, ಡಿಪ್‌ಸ್ಟಿಕ್ ಎಳೆದು ನೋಡಿ, ನಡೆದುಕೊಂಡಾದರೂ ಬಂದು ನಮ್ಮನ್ನು ಕರೆದೊಯ್ಯುತ್ತಿದ್ದರು. ನಾವು ಮೊದಲು ಸ್ವಿಚ್ಚಿನ ಜಾಗಕ್ಕೆ ಬೇರೆ ಮೀಟರ್ ತಿರುಗಿಸಿ ನಿಜವಾದ ಒತ್ತಡ ನೋಡುತ್ತಿದ್ದೆವು. ಒತ್ತಡ ಸರಿಯಿದ್ದರೆ ಸ್ವಿಚ್ಚು ಕೆಟ್ಟಿದೆ, ಅಲ್ಪ ಖರ್ಚು. ಇಲ್ಲದಿದ್ದರೆ ಪಕ್ಕದ ಮೇಸ್ತ್ರಿಗೆ ಕೆಲಸ. ಇವತ್ತಿಗೂ ಹಳೇ ಕಾರು ಬಿಸಿಯಾದ ಮೇಲೆ ಐಡಲಿಂಗಿನಲ್ಲಿ ಆಯಿಲ್ ಲೈಟು ಪಿಳಪಿಳ ಅಂದರೆ ನಾನು ಮಾಡುವುದು ಇದನ್ನೇ. ಆದರೆ ಮಾರಾಟಕ್ಕೆ ನಿಂತ ಗಾಡಿಯಲ್ಲಿ ಪಿಳಪಿಳ ಕಂಡಾಗ ಬ್ರೋಕರುಗಳಿಗೆ ಇನ್ನೊಂದು ದಾರಿ ಗೊತ್ತಿತ್ತು: ಮಂದವಾದ ಆಯಿಲ್ ತುಂಬುವುದು. ದಪ್ಪ ಆಯಿಲ್ ಸವೆದ ಬೇರಿಂಗಿನಲ್ಲೂ ಸ್ವಲ್ಪ ಒತ್ತಡ ಹಿಡಿದು ನಿಲ್ಲಿಸುತ್ತದೆ, ದೀಪ ಸುಮ್ಮನಾಗುತ್ತದೆ, ಗಿರಾಕಿ ಮನೆ ಸೇರುವ ತನಕ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈ ಕೊಟ್ಟರು. ನಮ್ಮ ಅಂಗಡಿಗೆ ಅದು ರಿಪೇರಿಗೆ ಬಂದದ್ದು ಎಷ್ಟೋ ಕಾಲದ ಮೇಲೆ, ಯಾಕೆಂದರೆ ಅದು ಕೆಡುತ್ತಲೇ ಇರಲಿಲ್ಲ. 796 ಸಿಸಿಯ ಮೂರು ಸಿಲಿಂಡರ್, ಡೈನಮೋ ಬದಲು ಆಲ್ಟರ್ನೇಟರ್, ರೇಡಿಯೇಟರಿಗೆ ಕರೆಂಟಿನ ಫ್ಯಾನು. ಬೆಲ್ಟಿನ ಫ್ಯಾನು ಎಂಜಿನ್ ಜೊತೆಗೇ ತಿರುಗುತ್ತಿತ್ತು. ಈ ಫ್ಯಾನು ಬಿಸಿ ಒಂದು ಮಟ್ಟಕ್ಕೆ ಏರಿದಾಗ ಮಾತ್ರ ತಾನಾಗಿ ತಿರುಗುತ್ತದೆ. ಇದರಿಂದ ಓವರ್ ಹೀಟಿನ ಲಕ್ಷಣವೇ ಬದಲಾಯಿತು. ಹೈವೇಯಲ್ಲಿ ಗಾಳಿ ತಾಗುವಾಗ ತಣ್ಣಗಿದ್ದು, ಗಾಂಧಿ ಬಜಾರಿನ ಜನಸಂದಣಿಯಲ್ಲಿ ಮುಳ್ಳು ಏರುತ್ತದೆಂದರೆ ಫ್ಯಾನು, ಅದರ ರಿಲೇ, ಫ್ಯೂಸು, ಇಲ್ಲವೇ ಬಿಸಿ ಗುರುತಿಸುವ ಸ್ವಿಚ್ಚು. ಅದೇ ಹೈವೇಯಲ್ಲೂ ಏರುತ್ತದೆಂದರೆ ರೇಡಿಯೇಟರು ಕಟ್ಟಿಕೊಂಡಿದೆ, ನೀರು ಸೋರುತ್ತಿದೆ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಈ ಒಂದು ಭೇದ ಗೊತ್ತಿದ್ದವನಿಗೆ ಹಳೇ ಕಾರಿನಲ್ಲಿ ಸಾವಿರಾರು ರೂಪಾಯಿ ಉಳಿದಿದೆ.

ಆಲ್ಟರ್ನೇಟರ್ ಇನ್ನೊಂದು ತಮಾಷೆ ತಂದಿತು. ಡೈನಮೋದ ಕಬ್ಬಿಣದಲ್ಲಿ ಉಳಿದಿರುವ ಅಲ್ಪ ಅಯಸ್ಕಾಂತ ಶಕ್ತಿಯೇ ಅದನ್ನು ಎಬ್ಬಿಸಲು ಸಾಕು. ಹಲವು ಆಲ್ಟರ್ನೇಟರುಗಳಿಗೆ ಮೊದಲ ಕರೆಂಟು ಡ್ಯಾಶ್‌ಬೋರ್ಡಿನ ಆ ಕೆಂಪು ಬಲ್ಬಿನ ಮೂಲಕವೇ ಹೋಗಬೇಕು. ಬಲ್ಬು ಸುಟ್ಟರೆ ಎಚ್ಚರಿಕೆ ಮಾತ್ರ ತಪ್ಪುವುದಲ್ಲ, ಚಾರ್ಜಿಂಗೇ ಶುರುವಾಗದೆ ಹೋಗಬಹುದು. 'ಬ್ಯಾಟರಿ ಹೊಸದು, ಆಲ್ಟರ್ನೇಟರ್ ರಿಪೇರಿ ಆಗಿದೆ, ಆದರೂ ದಿನಾ ತಳ್ಳಬೇಕು' ಎಂದು ಬಂದ ಗಾಡಿಗಳನ್ನು ಪುಟಾಣಿ ಬಲ್ಬು ಹಾಕಿ ಕಳಿಸಿದ್ದೇನೆ. ಆಲ್ಟರ್ನೇಟರ್ ಬಿಚ್ಚುವ ಮೊದಲು ಕೀ ಅರ್ಧ ತಿರುಗಿಸಿ ದೀಪ ಹತ್ತುತ್ತದೆಯೇ ಎಂದು ನೋಡದವರು ನಮ್ಮ ಕಸುಬಿನಲ್ಲಿ ಈಗಲೂ ಬೇಕಾದಷ್ಟಿದ್ದಾರೆ.

ಹಳದಿ ದೀಪ ಬಂದ ಕಥೆಯೇ ಬೇರೆ, ಅದರ ಹುಟ್ಟೂರು ಗ್ಯಾರೇಜಲ್ಲ, ಹೊಗೆ. ಲಾಸ್ ಏಂಜಲೀಸಿನ ಆಕಾಶ ಕಾರುಗಳ ಹೊಗೆಯಿಂದ ಮುಸುಕುತ್ತಿದ್ದ ಕಾರಣಕ್ಕೆ ಕ್ಯಾಲಿಫೋರ್ನಿಯಾದ ಸರಕಾರ ಕಾರು ಕಂಪನಿಗಳ ಬೆನ್ನು ಹತ್ತಿತು. ಹೊಗೆ ಕಡಿಮೆ ಮಾಡುವ ಭಾಗ ಕೆಟ್ಟರೆ ಕಾರೇ ಅದನ್ನು ಕಂಡುಹಿಡಿದು ದೀಪ ಹಚ್ಚಬೇಕು ಎಂದು 1988ರ ಮಾದರಿಯ ಕಾರುಗಳಿಂದ ಕಾನೂನು ಮಾಡಿತು. ಆಗ ಒಂದೊಂದು ಕಂಪನಿಯದು ಒಂದೊಂದು ಪ್ಲಗ್ಗು, ಒಂದೊಂದು ಕೋಡು. 1996ರ ಮಾದರಿಯಿಂದ ಇಡೀ ಅಮೆರಿಕದಲ್ಲಿ ಎಲ್ಲ ಕಾರಿಗೂ ಒಂದೇ 16 ಪಿನ್ನಿನ ಪ್ಲಗ್ಗು, ಒಂದೇ ಕೋಡು ಭಾಷೆ ಆಯಿತು. ಅದಕ್ಕೇ ಒಬಿಡಿ-2 ಎನ್ನುವುದು.

ನಮ್ಮಲ್ಲೂ ದಾರಿ ಅದೇ, ಹೆಜ್ಜೆ ನಿಧಾನ. 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸವಿಲ್ಲದ ಪೆಟ್ರೋಲು, ಹೊಸ ಕಾರಿಗೆ ಕ್ಯಾಟಲಿಟಿಕ್ ಕನ್ವರ್ಟರು ಬಂದವು. 1999ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಸುತ್ತ ಯೂರೋ ಮಟ್ಟದ ಕಾರುಗಳನ್ನಷ್ಟೇ ನೋಂದಾಯಿಸಬೇಕೆಂದಿತು. 2000ದಲ್ಲಿ ದೇಶಕ್ಕೆಲ್ಲ ಸೀಸವಿಲ್ಲದ ಪೆಟ್ರೋಲು. ಆ ಒತ್ತಡಕ್ಕೆ ಕಾರ್ಬುರೇಟರು ಹೋಗಿ ಇಂಜೆಕ್ಷನ್ ಬಂತು. ಆ ಇಂಜೆಕ್ಷನ್ನಿನ ಹೆಸರಾದ ಎಂಪಿಎಫ್‌ಐ ಎಂಬ ಅಕ್ಷರಗಳನ್ನು ನಾವು ಮೊದಲು ಕಂಡದ್ದು ಕಾರುಗಳ ಹಿಂಬದಿಯ ಸ್ಟಿಕ್ಕರಿನಲ್ಲಿ. 1998ರಲ್ಲಿ ಬಂದ ಸ್ಯಾಂಟ್ರೋಗೆ ಅದು ಹುಟ್ಟಿನಿಂದಲೇ ಇತ್ತು. ಆಮೇಲೆ 800, ಜೆನ್, ಎಲ್ಲಕ್ಕೂ. ಆಯಿಲ್, ಬ್ಯಾಟರಿ, ಬಿಸಿ, ಬ್ರೇಕು ಎಂಬ ಹಳೇ ಕೆಂಪು ದೀಪಗಳ ಪಕ್ಕ ಎಂಜಿನ್ ಆಕಾರದ ಹಳದಿ ದೀಪವೊಂದು ಬಂದು ಕೂತಿತು. ನಮ್ಮ ಬಾಯಲ್ಲಿ ಅದು 'ಚೆಕ್ ಲೈಟು'.

ಜನ ಅದನ್ನು ಮೊದಲ ದಿನದಿಂದಲೂ ಗೌರವಿಸಲಿಲ್ಲ, ಅದಕ್ಕೆ ಕಾರಣವೂ ಇದೆ. ಕೆಂಪು ದೀಪ ಮಾಲೀಕನ ದುಡ್ಡು ಉಳಿಸಲು ಹುಟ್ಟಿದ್ದು. ಹಳದಿ ದೀಪ ಊರಿನ ಗಾಳಿ ಉಳಿಸಲು ಹುಟ್ಟಿದ್ದು. ಹಳದಿ ಹತ್ತಿದ ಮೇಲೂ ಗಾಡಿ ನಾಳೆಯೂ ಓಡುತ್ತದೆ, ನಾಡಿದ್ದೂ ಓಡುತ್ತದೆ. ಹೆಚ್ಚೆಂದರೆ ಮೈಲೇಜು ಸ್ವಲ್ಪ ಇಳಿಯುತ್ತದೆ. ತನಗೆ ತಕ್ಷಣ ನಷ್ಟವಿಲ್ಲದ ದೀಪಕ್ಕೆ ಯಾರು ಕೆಲಸ ಬಿಟ್ಟು ಬರುತ್ತಾರೆ? ಬಂದವರೂ ಕೇಳುತ್ತಿದ್ದುದು ಒಂದೇ: 'ಅಣ್ಣಾ, ಆ ಲೈಟ್ ಒಂದು ಆಫ್ ಮಾಡಿಕೊಡಿ.' ಕ್ಯಾಲಿಫೋರ್ನಿಯಾದಲ್ಲಿ ಹೊಗೆ ತಪಾಸಣೆಯವರು ಕಾರಿನ ಪ್ಲಗ್ಗಿಗೇ ಯಂತ್ರ ಸಿಕ್ಕಿಸಿ ಓದುತ್ತಾರೆ, ದೀಪ ಉರಿಯುತ್ತಿದ್ದರೆ ಗಾಡಿ ಫೇಲು. ನಮ್ಮ ಹೊಗೆ ತಪಾಸಣೆಯಲ್ಲಿ ಸೈಲೆನ್ಸರಿಗೆ ಕೊಳವೆ ತೂರಿಸಿ ಐಡಲಿಂಗಿನ ಹೊಗೆ ಅಳೆಯುತ್ತಾರೆ, ಡ್ಯಾಶ್‌ಬೋರ್ಡಿನ ಕಡೆ ಯಾರೂ ನೋಡುವುದಿಲ್ಲ. ಕಾನೂನೇ ಕೇಳದ ದೀಪವನ್ನು ಮಾಲೀಕ ಯಾಕೆ ಕೇಳಬೇಕು?

ಒಂದು ಸಂದರ್ಭ ಮಾತ್ರ ಬೇರೆ. ಹಳದಿ ದೀಪ ಸುಮ್ಮನೆ ಉರಿಯದೆ ಮಿಣಮಿಣ ಹೊಡೆಯುತ್ತಿದ್ದರೆ, ಅದೂ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಾ ನಡುಗುತ್ತಿದ್ದರೆ, ಸುಡದ ಪೆಟ್ರೋಲು ಹೋಗಿ ಕನ್ವರ್ಟರಿನೊಳಗೆ ಉರಿಯುತ್ತಿದೆ ಎಂದು ಅರ್ಥ. ಕನ್ವರ್ಟರ್ ಬೆಲೆ ಕೇಳಿದರೆ ಹಳೇ ಕಾರಿನವರು ಕೂತಲ್ಲೇ ಕೂರುತ್ತಾರೆ. ಅಲ್ಲಿ ಪ್ಲಗ್ಗು, ಕಾಯಿಲು, ಪ್ಲಗ್ ವೈರು ಮೊದಲು ನೋಡಬೇಕು, ಸಿಲಿಂಡರುಗಳ ಕಾಯಿಲ್ ಅದಲುಬದಲು ಮಾಡಿ ಮಿಸ್ಸಿಂಗೂ ಜೊತೆಗೆ ಹೋಗುತ್ತದೆಯೇ ಎಂದು ನೋಡಬೇಕು. ಇದಕ್ಕೆ ಯಂತ್ರ ಬೇಡ, ಪಾನಾ ಸಾಕು.

ಹಳೇ ಕಸುಬಿನ ಕೆಲವು ಚಾಳಿಗಳು ಹೊಸ ಕಾರಿಗೆ ರೋಗವಾದವು. ದೊಡ್ಡದು ಥರ್ಮೋಸ್ಟಾಟಿನದು. ಅಂಬಾಸಿಡರ್ ಕಾಲದಿಂದಲೂ ಎಂಜಿನ್ ಕಾದರೆ ಮೇಸ್ತ್ರಿ ಮೊದಲು ಮಾಡುತ್ತಿದ್ದುದು ಥರ್ಮೋಸ್ಟಾಟ್ ವಾಲ್ವು ಕಿತ್ತು ಎಸೆಯುವುದು. 'ನಮ್ಮ ಸೆಖೆಗೆ ಇದ್ಯಾಕೆ, ಚಳಿದೇಶದವರಿಗೆ' ಎಂಬ ಸಮಜಾಯಿಷಿ. ಕಾರ್ಬುರೇಟರ್ ಗಾಡಿಯಲ್ಲಿ ಅದು ಹೇಗೋ ನಡೆಯಿತು. ಇಂಜೆಕ್ಷನ್ ಗಾಡಿಯ ಕಂಪ್ಯೂಟರ್ ಮಾತ್ರ ನೀರಿನ ಬಿಸಿ ನೋಡಿ ಪೆಟ್ರೋಲಿನ ಲೆಕ್ಕ ಹಾಕುತ್ತದೆ. ವಾಲ್ವಿಲ್ಲದ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಕಂಪ್ಯೂಟರು ಇನ್ನೂ ಬೆಳಗಿನ ಜಾವವೆಂದು ತಿಳಿದು ಪೆಟ್ರೋಲು ಸುರಿಯುತ್ತಲೇ ಇರುತ್ತದೆ. ಮೈಲೇಜು ಬಿತ್ತು, ಪ್ಲಗ್ಗು ಮಸಿಯಾಯಿತು, ಹಳದಿ ದೀಪ ಹತ್ತಿತು ಎಂದು ಬಂದವರಿಗೆ ಸೆನ್ಸಾರು ಬದಲಾಯಿಸಿ ಬಿಲ್ಲು ಕೊಟ್ಟವರಿದ್ದಾರೆ. ಸೀಮೆಎಣ್ಣೆ ಬೆರೆಸುವ ಚಾಳಿಯೂ ಹಾಗೆಯೇ. ಅಂಬಾಸಿಡರ್ ಅದನ್ನು ಹೊಗೆಯುಗುಳಿ ಅರಗಿಸಿಕೊಂಡಿತು, ಇಂಜೆಕ್ಷನ್ ಗಾಡಿಯ ಆಕ್ಸಿಜನ್ ಸೆನ್ಸಾರು ಅರಗಿಸಿಕೊಳ್ಳಲಿಲ್ಲ. ಮನೆಯ ಗ್ಯಾಸ್ ಸಿಲಿಂಡರ್ ಕೂರಿಸಿಕೊಂಡು ಓಡುತ್ತಿದ್ದ ಓಮ್ನಿಗಳ ಬಗ್ಗೆ ನಾನು ಹೆಚ್ಚು ಹೇಳದಿರುವುದೇ ಒಳ್ಳೆಯದು.

ಕೋಡ್ ಓದುವ ಯಂತ್ರ ನಮ್ಮಂಥ ಅಂಗಡಿಗೆ ಕೈಗೆಟುಕಲು ಬಹಳ ಕಾಲ ಹಿಡಿಯಿತು. ಅದಕ್ಕೆ ಮೊದಲು ಸುಜುಕಿ ಮನೆತನದ ಹಳೇ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಒಂದು ಉಪಾಯವಿತ್ತು. ಡಯಾಗ್ನೋಸಿಸ್ ಪ್ಲಗ್ಗಿನ ಎರಡು ಪಿನ್ನುಗಳನ್ನು ತುಂಡು ವೈರಿನಲ್ಲಿ ಕೂಡಿಸಿದರೆ ಹಳದಿ ದೀಪವೇ ಲೆಕ್ಕ ಹಾಕಿ ಮಿಟುಕುತ್ತದೆ. ಒಂದು ಸಲ ಮಿಟುಕಿ, ತಡೆದು, ಎರಡು ಸಲ ಮಿಟುಕಿದರೆ 12, ಎಂದರೆ ಏನೂ ತೊಂದರೆಯಿಲ್ಲ. ಕಾಗದ, ಪೆನ್ಸಿಲು ಹಿಡಿದು ಬಗ್ಗಿ ಕೂತು ಎಣಿಸುತ್ತಿದ್ದೆವು. ಬೆಂಗಳೂರಿನ ಜೆ.ಸಿ. ರಸ್ತೆಗೆ ಬಿಡಿಭಾಗ ತರಲು ಹೋದವರು ಯಾವ ಕಾರಿಗೆ ಯಾವ ಪಿನ್ನು ಎಂಬ ಗುಟ್ಟನ್ನೂ ಹೊತ್ತು ತರುತ್ತಿದ್ದರು. ಭಾರತದಲ್ಲಿ ಒಬಿಡಿ ನಿಯಮ 2010ರಲ್ಲಿ ಶುರುವಾಗಿ, 2013ರಲ್ಲಿ ಎರಡನೇ ಹಂತಕ್ಕೆ ಬಂತು. ಆಮೇಲೆ ಚೀನಾದ ಪುಟ್ಟ ಬ್ಲೂಟೂತ್ ಡಾಂಗಲ್ ಬಂದು ಎಲ್ಲರ ಫೋನೂ ಸ್ಕ್ಯಾನರ್ ಆಯಿತು. ಈಗ ಹುಡುಗರು ಗಾಡಿ ನಿಲ್ಲಿಸುವ ಮೊದಲೇ 'ಪಿ0171 ಬರ್ತಿದೆ, ಆಕ್ಸಿಜನ್ ಸೆನ್ಸಾರ್ ಹಾಕಿ' ಎನ್ನುತ್ತಾರೆ. ಕೋಡು ಬೀದಿಯ ಹೆಸರು ಹೇಳುತ್ತದೆ, ಮನೆ ನಂಬರು ಹೇಳುವುದಿಲ್ಲ. 0171 ಎಂದರೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂದಷ್ಟೇ. ಸೆನ್ಸಾರು ಅದನ್ನು ನೋಡಿ ಹೇಳಿದ ಸಾಕ್ಷಿ. ತಪ್ಪು ಮಾಡಿದವನು ಬಿರುಕು ಬಿಟ್ಟ ರಬ್ಬರ್ ಹೋಸೋ, ಕಟ್ಟಿಕೊಂಡ ಫಿಲ್ಟರೋ, ಸೊರಗಿದ ಪಂಪೋ ಇರಬಹುದು. ಹತ್ತು ಹದಿನೈದು ವರ್ಷದ ಕಾರಿನಲ್ಲಿ ನಾನು ಮೊದಲು ಹೋಸುಗಳನ್ನು ಬೆರಳಲ್ಲಿ ಒತ್ತಿ ನೋಡುತ್ತೇನೆ, ಬ್ಯಾಟರಿಯಿಂದ ಬಾಡಿಗೆ ಬರುವ ಅರ್ತಿಂಗ್ ವೈರು ಬಿಚ್ಚಿ ಉಜ್ಜುತ್ತೇನೆ. ಸಂಬಂಧವೇ ಇಲ್ಲದ ನಾಲ್ಕಾರು ದೀಪ ಒಟ್ಟಿಗೆ ಹತ್ತಿದರೆ ಹೆಚ್ಚಿನ ಸಲ ಅರ್ತಿಂಗು, ಇಲ್ಲವೇ ಸೋತ ಬ್ಯಾಟರಿ.

ಮಳೆಗಾಲದ ಮಲೆನಾಡಿನಲ್ಲಾದರೆ ಇಲಿಯನ್ನೂ ಸೇರಿಸಿಕೊಳ್ಳಬೇಕು. ಬೆಚ್ಚಗಿನ ಎಂಜಿನ್ ಮೇಲೆ ರಾತ್ರಿ ಕಳೆದು ವೈರಿಂಗ್ ಕಡಿದು ಹೋಗುತ್ತವೆ. ಇದು ಯಾವ ಕಂಪನಿಯ ಪುಸ್ತಕದಲ್ಲೂ ಕೋಡಾಗಿ ಬರೆದಿಲ್ಲ, ತೋಟದ ಮನೆಗಳ ಕಾರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ನನ್ನ ಅರ್ಧ ಸಂಪಾದನೆ ಇದೇ. ಹೊಗೆಸೊಪ್ಪು ಕಟ್ಟುವವರಿದ್ದಾರೆ, ನುಸಿಗುಳಿಗೆ ಇಡುವವರಿದ್ದಾರೆ. ಎಬಿಎಸ್ ದೀಪದ ಕಥೆಯೂ ಕೆಸರಿನದೇ: ಚಕ್ರದ ಬಳಿಯ ಸೆನ್ಸಾರಿಗೆ ಮಣ್ಣು ಮೆತ್ತಿಕೊಂಡಿರುತ್ತದೆ ಅಥವಾ ಅದರ ವೈರು ಕಲ್ಲಿಗೆ ಸಿಕ್ಕಿ ಹರಿದಿರುತ್ತದೆ. ಎಬಿಎಸ್ ಹಳದಿ ಹತ್ತಿದರೂ ಮಾಮೂಲಿ ಬ್ರೇಕು ಕೆಲಸ ಮಾಡುತ್ತದೆ. ಅದರ ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಗಾಡಿ ಅಲ್ಲೇ ನಿಲ್ಲಬೇಕು. ಹ್ಯಾಂಡ್ ಬ್ರೇಕ್ ಇಳಿಸಿದರೂ ಕೆಂಪು ಆರದಿದ್ದಾಗ ಬರೀ ಬ್ರೇಕ್ ಆಯಿಲ್ ತುಂಬಿ ಕಳಿಸುವವರನ್ನು ನಂಬಬೇಡಿ. ಆಯಿಲ್ ಇಳಿದಿದ್ದರೆ ಒಂದೋ ಸೋರುತ್ತಿದೆ, ಇಲ್ಲವೇ ಪ್ಯಾಡು ಸವೆದಿದೆ.

ಅಂಬಾಸಿಡರ್, 800 ಎರಡೂ 2014ರಲ್ಲಿ ನಿಂತುಹೋದವು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈಗ ಓಡಾಡುವುದೆಲ್ಲ ಹಳದಿ ದೀಪದ ಗಾಡಿಗಳೇ. ಬ್ರೋಕರುಗಳ ಕೈಚಳಕವೂ ಅದಕ್ಕೆ ತಕ್ಕಂತೆ ಬೆಳೆದಿದೆ. ಮೊದಲು ಬಲ್ಬು ಕೀಳುತ್ತಿದ್ದರು. ಕೀ ತಿರುಗಿಸಿದಾಗ ಎಲ್ಲ ದೀಪವೂ ಒಮ್ಮೆ ಹತ್ತಬೇಕೆಂದು ಗಿರಾಕಿಗೆ ತಿಳಿದ ಮೇಲೆ ಹಳದಿ ದೀಪದ ವೈರನ್ನು ಆಯಿಲ್ ಲೈಟಿಗೆ ಕಟ್ಟತೊಡಗಿದರು. ಕೀ ತಿರುಗಿಸಿದರೆ ಎರಡೂ ಹತ್ತುತ್ತವೆ, ಸ್ಟಾರ್ಟಾದರೆ ಎರಡೂ ಒಟ್ಟಿಗೆ, ಒಂದೇ ಗಳಿಗೆಯಲ್ಲಿ ಆರುತ್ತವೆ. ಅನುಮಾನ ಬಂದರೆ ನಾನು ಎಂಜಿನ್ ಓಡುತ್ತಿರುವಾಗಲೇ ಗಾಳಿಯ ಬಿಸಿ ಅಳೆಯುವ ಸೆನ್ಸಾರಿನ ಕನೆಕ್ಟರ್ ಕಿತ್ತು ನೋಡುತ್ತೇನೆ. ಆಗಲೂ ಹಳದಿ ದೀಪ ಹತ್ತದಿದ್ದರೆ ಅದನ್ನು ಯಾರೋ ಬೇರೆಡೆ ಕಟ್ಟಿದ್ದಾರೆ. ದೀಪಗಳ ಬದಲು ಪರದೆ ಬಂದಿರುವ ಕಾರುಗಳಲ್ಲಿ ಬಲ್ಬೂ ಇಲ್ಲ, ವೈರೂ ಇಲ್ಲ. ಅಲ್ಲಿ ಬೆಳಿಗ್ಗೆ ಸ್ಕ್ಯಾನರ್ ಹಾಕಿ ಕೋಡು ಅಳಿಸಿ, ಮಧ್ಯಾಹ್ನ ಗಿರಾಕಿಗೆ ತೋರಿಸುತ್ತಾರೆ. 2013ರ ನಂತರದ ಗಾಡಿಗಳಲ್ಲಿ ಇದಕ್ಕೂ ಗುರುತಿದೆ. ಕೋಡು ಅಳಿಸಿದಾಗ ಕಂಪ್ಯೂಟರು ತನ್ನ ಸ್ವಂತ ಪರೀಕ್ಷೆಗಳನ್ನೂ ಹೊಸದಾಗಿ ಶುರುಮಾಡುತ್ತದೆ, ಸ್ಕ್ಯಾನರಿನಲ್ಲಿ ಅವು 'ಮುಗಿದಿಲ್ಲ' ಎಂದು ಕಾಣುತ್ತವೆ. ತಣ್ಣಗಿನ ಎಂಜಿನ್ನಿನಿಂದ ಹೊರಟು, ಪೇಟೆಯೊಳಗೆ ಸ್ವಲ್ಪ ನಿಂತು, ಭದ್ರಾವತಿ ತನಕ ಒಂದೇ ವೇಗದಲ್ಲಿ ಹೋಗಿ ಬಂದರೆ ಬಹುಪಾಲು ಪರೀಕ್ಷೆ ಮುಗಿಯುತ್ತವೆ, ಅಡಗಿದ್ದ ದೀಪ ಹತ್ತುವುದಾದರೆ ಹತ್ತುತ್ತದೆ. ಅಷ್ಟು ದೂರ ಓಡಿಸಲು ಗಾಡಿ ಕೊಡದ ಬ್ರೋಕರ್ ಹತ್ತಿರ ನಾನು ಚೌಕಾಶಿಗೂ ಕೂರುವುದಿಲ್ಲ.